ದೇವರ ಮೌನಕ್ಕೆ ಮರುಳಾದವರು

ಸ್ವೀಡನ್ನಿನ ಕ್ರೈಸ್ತ ಸಂವೇದನೆ ಎಂದೊಡನೆ ನಮ್ಮ ವಿಮರ್ಶಕರ ಬಾಯಲ್ಲಿ ಒಂದೇ ಮಾತು: ‘ದೇವರ ಮೌನ’. ಫಿಲ್ಮ್ ಸೊಸೈಟಿಗಳ ಕಾಲದಿಂದ ಇದನ್ನು ಕೇಳಿ ಕೇಳಿ ಸಾಕಾಗಿದೆ. ಪಾದ್ರಿಯ ಮಗನಾದ ಚಿತ್ರನಿರ್ದೇಶಕ ಇಂಗ್ಮರ್ ಬರ್ಗ್‌ಮನ್‌ನ ತಕರಾರೇ ಆ ಇಡೀ ಪರಂಪರೆಯ ಕೊನೆಯ ತೀರ್ಪಾಗಬೇಕೆ? ನನ್ನ ಮಟ್ಟಿಗೆ ಆ ಪರಂಪರೆಯ ನಿಜವಾದ ವಾರಸುದಾರಳು ಕಾದಂಬರಿಗಾರ್ತಿ ಸೆಲ್ಮಾ ಲಾಗರ್‌ಲೋಫ್. ಪಕ್ಷಪಾತ ಎನ್ನುವವರು ಎನ್ನಲಿ.

1891ರ ಆಕೆಯ ಮೊದಲ ಕಾದಂಬರಿಯಲ್ಲೇ ಎಲ್ಲವೂ ಇದೆ. ಯೋಸ್ತಾ ಬೆರ್ಲಿಂಗ್ ಕುಡುಕ ಪಾದ್ರಿ. ವಿಚಾರಣೆಗೆ ಬಿಷಪ್ ಬಂದು ಕೂತ ದಿನ ಅವನ ಪ್ರವಚನಕ್ಕೆ ಊರೇ ಕರಗುತ್ತದೆ, ಕ್ಷಮೆ ಸಿಗುತ್ತದೆ. ಅಷ್ಟರಲ್ಲಿ ಕುಡಿತದ ಗೆಳೆಯನೊಬ್ಬ ಬಿಷಪ್ಪನ ಪ್ರಾಣ ಹಾರಿಹೋಗುವಂತೆ ಗಾಡಿ ಓಡಿಸಿ ಎಲ್ಲವನ್ನೂ ಕೆಡಿಸುತ್ತಾನೆ. ಮುಂದೆ ಯೋಸ್ತಾ ಒಬ್ಬ ಹುಡುಗಿಯ ಹಿಟ್ಟಿನ ಮೂಟೆಯನ್ನೂ ಹೆಂಡಕ್ಕೆ ಮಾರಿಕೊಳ್ಳುತ್ತಾನೆ. ಇಂಥವನನ್ನು ಹಿಮದಿಂದ ಎಬ್ಬಿಸುವವಳು ಸಂತಳಲ್ಲ, ತಾನೇ ಕಳಂಕ ಹೊತ್ತ, ಎಕೆಬಿ ಎಂಬ ಎಸ್ಟೇಟಿನ ಒಡತಿ.

ಆದರೆ ನಾನು ಮತ್ತೆ ಮತ್ತೆ ಹೋಗುವುದು 1912ರ ‘ಶೋರ್‌ಕಾರ್ಲೆನ್’ಗೆ, ಸಾವಿನ ಗಾಡಿ ಹೊಡೆಯುವವನ ಕಥೆಗೆ. ಕ್ಷಯರೋಗದ ವಿರುದ್ಧ ಕೆಲಸ ಮಾಡುತ್ತಿದ್ದ ಸಂಘದ ಕೋರಿಕೆಯಿಂದ ಹುಟ್ಟಿದ್ದು ಎಂಬ ಕಾರಣಕ್ಕೇ ಇದನ್ನು ಹಗುರವಾಗಿ ಕಂಡವರಿದ್ದಾರೆ. 1921ರಲ್ಲಿ ವಿಕ್ಟರ್ ಶೋಸ್ಟ್ರೋಮ್ ಇದನ್ನು ಸಿನಿಮಾ ಮಾಡಿ, ಕುಡುಕ ಡೇವಿಡ್ ಹೋಮ್‌ನ ಪಾತ್ರವನ್ನು ತಾನೇ ವಹಿಸಿದ. ಸಾಲ್ವೇಷನ್ ಆರ್ಮಿಯ ಸೋದರಿ ಎಡಿತ್ ರಾತ್ರಿಯಿಡೀ ಕೂತು ಅವನ ರೋಗಭರಿತ ಕೋಟಿಗೆ ತೇಪೆ ಹಾಕುತ್ತಾಳೆ. ಬೆಳಿಗ್ಗೆ ಎದ್ದವನು ಅವಳ ಕಣ್ಣೆದುರೇ ಆ ತೇಪೆಗಳನ್ನೆಲ್ಲ ಪರಪರ ಕಿತ್ತುಹಾಕುತ್ತಾನೆ. ಆ ಕೋಟಿನಿಂದಲೇ ಅವಳಿಗೆ ಕ್ಷಯ ಅಂಟುತ್ತದೆ. ಸಾಯುವ ಹೊತ್ತಿನಲ್ಲೂ ಅವಳು ಕರೆಸುವುದು ಅವನನ್ನೇ.

ಲುಂಡ್‌ನ ದೇವತಾಶಾಸ್ತ್ರ ಪಂಡಿತ ಆಂಡರ್ಸ್ ನೀಗ್ರೆನ್ 1930ರ ದಶಕದಲ್ಲಿ ಎರಡು ಭಾಗಗಳಲ್ಲಿ ಬರೆದದ್ದು ಇದನ್ನೇ: ದೇವರ ಪ್ರೀತಿ ಯೋಗ್ಯತೆ ನೋಡಿ ಬರುವುದಲ್ಲ, ಬಂದ ಮೇಲೆ ಯೋಗ್ಯತೆಯನ್ನು ಹುಟ್ಟಿಸುತ್ತದೆ. ಒಪ್ಪೋಣ. ಆದರೆ ದೈವಿಕ ಪ್ರೀತಿಯನ್ನು ಮನುಷ್ಯನ ಹಂಬಲದಿಂದ ಅವರು ಕತ್ತರಿಸಿ ಬೇರೆ ಮಾಡಿದರು. ಎಡಿತ್ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅವಳು ಆ ವಿವಾಹಿತ ಕುಡುಕನನ್ನು ಹೆಣ್ಣಾಗಿಯೂ ಪ್ರೀತಿಸುತ್ತಾಳೆ. ದೇವತಾಶಾಸ್ತ್ರಕ್ಕಿಂತ ಕಾದಂಬರಿಗೆ ಹೆಚ್ಚು ಗೊತ್ತಿರುವುದು ಇಂಥಲ್ಲೇ.

ಇನ್ನು ಬರ್ಗ್‌ಮನ್. ಶೋಸ್ಟ್ರೋಮ್‌ನ ಆ ಚಿತ್ರವನ್ನು ಜೀವನವಿಡೀ ನೋಡುತ್ತಲೇ ಇದ್ದವನು ಆತ. 1957ರ ‘ವೈಲ್ಡ್ ಸ್ಟ್ರಾಬೆರೀಸ್’ಗೆ ಮುದುಕ ಶೋಸ್ಟ್ರೋಮ್‌ನನ್ನೇ ಕರೆತಂದ. ‘ವಿಂಟರ್ ಲೈಟ್’ನಲ್ಲೂ (1963) ನಮ್ಮವರು ಪಾದ್ರಿ ತೋಮಸ್‌ನ ಸಂಶಯವನ್ನಷ್ಟೇ ಕಂಡರು. ಸಹಾಯ ಕೇಳಿ ಬಂದ ಬೆಸ್ತನೆದುರು ತನ್ನದೇ ಗೋಳು ತೋಡಿಕೊಳ್ಳುವ ಅವನು ನನಗೆ ಸ್ವಾರ್ಥಿ. ಅವನು ಹೀನಾಯವಾಗಿ ಬೈದ ಮೇಲೂ ಬಿಟ್ಟುಹೋಗದ, ದೇವರನ್ನು ನಂಬದ ಟೀಚರ್ ಮಾರ್ತಾ ಎಡಿತ್‌ಳ ವಂಶದವಳು.

ತಪ್ಪು ಬರ್ಗ್‌ಮನ್‌ನದಲ್ಲ, ನಮ್ಮ ರುಚಿಯದು. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದ್ದು ‘ಸಂಸ್ಕಾರ’ಕ್ಕೆ ಪ್ರೇರಣೆಯಾಯಿತು; ಅದು ನಮ್ಮ ಭಾಗ್ಯವೇ. ಆದರೆ ಅಲ್ಲಿಂದಾಚೆ ನವ್ಯದ ವಿಮರ್ಶೆಗೆ ಸಂಶಯವೆಂದರೆ ಆಳ, ಕರುಣೆಯೆಂದರೆ ಭೋಳೆತನ ಎಂಬ ಚಾಳಿ ಅಂಟಿತು. ದಾಸರ ಪದದಲ್ಲಿ ಪತಿತಪಾವನ ಬಂದರೆ ತಲೆದೂಗುವವರೇ ಡೇವಿಡ್ ಹೋಮ್‌ನ ಕಣ್ಣೀರಿಗೆ ಮೆಲೋಡ್ರಾಮ ಎಂದು ಮೂಗು ಮುರಿಯುತ್ತಾರೆ. ಅವರು ಕೊನೆಯ ದೃಶ್ಯವನ್ನು ಸರಿಯಾಗಿ ನೋಡಿಲ್ಲ. ಮಕ್ಕಳಿಗೆ ವಿಷವಿಕ್ಕಲು ಹೊರಟ ಹೆಂಡತಿಯೆದುರು ಅವನು ಬದಲಾಗಿ ಬಂದು ನಿಂತಾಗ, ಅವಳಿಗೆ ಅವನನ್ನು ನಂಬುವುದೇ ಕಷ್ಟ.