ಮೃಗಾಲಯದಲ್ಲಿ ವ್ಯಾಖ್ಯಾನ: ಧ್ವನಿಮಾರ್ಗದರ್ಶಿಯ ಗದ್ಯವನ್ನು ಕುರಿತು

೧

ವಿಮರ್ಶೆಯೆಂದರೆ ಕಾವ್ಯ, ನಾಟಕ, ಕಾದಂಬರಿಗಳ ಗುಣದೋಷವಿವೇಚನೆ ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ. ಆದರೆ ಜನಸಾಮಾನ್ಯರು ದಿನನಿತ್ಯ ಕೇಳುವ ಮತ್ತು ಓದುವ ಗದ್ಯದ ಬಹುಭಾಗ ಈ ಮೂರರ ಹೊರಗೇ ಇದೆ. ರೈಲುನಿಲ್ದಾಣದ ಪ್ರಕಟಣೆ, ಔಷಧದ ಸೀಸೆಯ ಮೇಲಣ ಸೂಚನೆ, ವಸ್ತುಸಂಗ್ರಹಾಲಯದ ಫಲಕ ಇವೂ ಗದ್ಯವೇ. ಇವುಗಳಲ್ಲಿಯೂ ಒಳ್ಳೆಯದು ಕೆಟ್ಟದ್ದು ಉಂಟು. ಕೆಟ್ಟದ್ದರಿಂದಾಗುವ ನಷ್ಟವೂ ಉಂಟು. ಅಂಥ ಒಂದು ಗದ್ಯಪ್ರಕಾರವನ್ನು, ಎಂದರೆ ದೊಡ್ಡ ಮೃಗಾಲಯವನ್ನು ತಾನೇ ಸುತ್ತಿ ನೋಡುವ ಪ್ರೇಕ್ಷಕನ ಕಿವಿಯಲ್ಲಿ ಯಂತ್ರವು ನುಡಿಯುವ ವಿವರಣೆಯನ್ನು, ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇನೆ. ಇದನ್ನು ಧ್ವನಿಮಾರ್ಗದರ್ಶಿ ಎಂದು ಕರೆಯೋಣ. ಇಲ್ಲಿ ಧ್ವನಿಯೆಂದರೆ ಆನಂದವರ್ಧನನ ಧ್ವನಿಯಲ್ಲ, ಬರಿಯ ಕಂಠಧ್ವನಿ. ಆದರೂ ಕೊನೆಯಲ್ಲಿ ಆ ಧ್ವನಿಯ ಮಾತೂ ಬಾರದೆ ಇರದು.

ಈ ಪ್ರಕಾರಕ್ಕೆ ಹೆಚ್ಚಿನ ಚರಿತ್ರೆಯಿಲ್ಲ. ೧೯೫೨ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಕಲಾಸಂಗ್ರಹಾಲಯದವರು ಕಿರುತರಂಗದ ರೇಡಿಯೋ ಮೂಲಕ ಪ್ರೇಕ್ಷಕರ ಕಿವಿಗೆ ವಿವರಣೆಯನ್ನು ತಲಪಿಸುವ ಏರ್ಪಾಡು ಮಾಡಿದರು. ಎಲ್ಲರೂ ಒಂದೇ ಹೊತ್ತಿನಲ್ಲಿ ಒಂದೇ ಮಾತನ್ನು ಕೇಳಬೇಕಾಗಿದ್ದುದರಿಂದ, ಗುಂಪು ಒಟ್ಟಿಗೆ ನಿಂತು ಒಟ್ಟಿಗೆ ಮುಂದುವರಿಯಬೇಕಾಗುತ್ತಿತ್ತು. ಅದೇ ದಶಕದ ಕೊನೆಗೆ ಅಮೆರಿಕದ ಕೆಲವು ಮೃಗಾಲಯಗಳಲ್ಲಿ ಬೇರೊಂದು ಬಗೆ ಬಂದಿತು. ಮಕ್ಕಳು ಒಂದು ಕೀಲಿಯನ್ನು ಕೊಂಡು, ಪಂಜರದ ಮುಂದಣ ಪೆಟ್ಟಿಗೆಗೆ ಹಾಕಿ ತಿರುಗಿಸಿದರೆ, ಪೆಟ್ಟಿಗೆಯು ಪ್ರಾಣಿಯ ಕಥೆಯನ್ನು ಗಟ್ಟಿಯಾಗಿ ಹೇಳುತ್ತಿತ್ತು. ಅನಂತರ ಧ್ವನಿಸುರುಳಿ, ಅಂಕಿ ಒತ್ತುವ ಸಾಧನ, ಈಗ ಕೈಯೊಳಗಿನ ಮೊಬೈಲು. ಈಗಿನ ಪ್ರೇಕ್ಷಕನು ತನಗೆ ಬೇಕಾದಾಗ, ಬೇಕಾದ ಕಡೆ, ಬೇಕಾದ ಕ್ರಮದಲ್ಲಿ ಕೇಳಬಹುದು. ಸ್ವಾತಂತ್ರ್ಯ ದೊರೆತಿದೆ. ಆ ಸ್ವಾತಂತ್ರ್ಯಕ್ಕೆ ತಕ್ಕ ಗದ್ಯ ದೊರೆತಿದೆಯೇ ಎಂಬುದೇ ಪ್ರಶ್ನೆ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಎತ್ತಲು ಮೈಸೂರಿಗಿಂತ ತಕ್ಕ ಸ್ಥಳವಿಲ್ಲ. ಹತ್ತನೆಯ ಚಾಮರಾಜ ಒಡೆಯರು ೧೮೯೨ರಲ್ಲಿ ಹತ್ತು ಎಕರೆಯಲ್ಲಿ ಆರಂಭಿಸಿ, ೧೯೦೯ರಲ್ಲಿ ಅವರ ಹೆಸರನ್ನೇ ಪಡೆದ ಚಾಮರಾಜೇಂದ್ರ ಮೃಗಾಲಯವು ಇಂದು ದೇಶದ ದೊಡ್ಡ ಮೃಗಾಲಯಗಳಲ್ಲೊಂದು. ಅದೇ ಊರಿನಲ್ಲಿ ೧೯೩೫ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ನಡೆಸಿದರು. ಆಕಾಶವಾಣಿಯೆಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಕಿವಿಗಾಗಿ ಕನ್ನಡವನ್ನು ಹೇಗೆ ಬರೆಯಬೇಕೆಂಬ ಪಾಠವನ್ನು ನಾವು ಕಲಿಯತೊಡಗಿ ಹತ್ತಿರ ಹತ್ತಿರ ಶತಮಾನವಾಗುತ್ತಿದೆ.

೨

ಧ್ವನಿಮಾರ್ಗದರ್ಶಿಯನ್ನು ಅಳೆಯಲು ಹೊಸ ಅಳತೆಗೋಲನ್ನು ಹುಡುಕಬೇಕಾಗಿಲ್ಲ. ಅದು ತನ್ನ ಸ್ವಭಾವದಲ್ಲಿ ವ್ಯಾಖ್ಯಾನ. ಕಣ್ಣೆದುರಿಗಿರುವ ಪ್ರಾಣಿಯೇ ಮೂಲ. ಕಿವಿಯಲ್ಲಿ ಬೀಳುವ ಮಾತು ಅದರ ಟೀಕೆ. ನಮ್ಮ ಟೀಕಾಕಾರರಲ್ಲಿ ಅಗ್ರಗಣ್ಯನಾದ ಮಲ್ಲಿನಾಥನು ಎರಡು ನಿಯಮಗಳನ್ನು ತನಗೆ ತಾನೇ ವಿಧಿಸಿಕೊಂಡನು. ಮೂಲದ ಆಧಾರವಿಲ್ಲದ್ದನ್ನು ಬರೆಯಬಾರದು ಎಂಬುದೊಂದು. ಅಪೇಕ್ಷೆಯಿಲ್ಲದ್ದನ್ನು ಹೇಳಬಾರದು ಎಂಬುದಿನ್ನೊಂದು. ಈ ಎರಡು ನಿಯಮಗಳನ್ನು ಮೃಗಾಲಯದ ಪಂಜರದ ಮುಂದೆ ನಿಂತು ಪ್ರಯೋಗಿಸಿ ನೋಡಬಹುದು.

ಮೊದಲನೆಯ ನಿಯಮವನ್ನು ತೆಗೆದುಕೊಳ್ಳೋಣ. ಕಾವ್ಯದ ಟೀಕಾಕಾರನಿಗೆ ಮೂಲವು ಸ್ಥಿರವಾದದ್ದು. ಅವನು ಮರಳಿ ಬರುವವರೆಗೂ ಶ್ಲೋಕವು ತನ್ನ ಸ್ಥಳದಲ್ಲಿಯೇ ಇರುತ್ತದೆ. ಮೃಗಾಲಯದ ಮೂಲ ಹಾಗಲ್ಲ. ಅದು ಮಲಗುತ್ತದೆ, ಮರೆಯಾಗುತ್ತದೆ, ಬೆನ್ನು ತಿರುಗಿಸುತ್ತದೆ. ಕೆಲವು ವರ್ಷಗಳ ಹಿಂದೆ ಹೊರರಾಜ್ಯದ ಒಂದು ದೊಡ್ಡ ಮೃಗಾಲಯದಲ್ಲಿ ನಾನು ಇಂಥ ಸಾಧನವನ್ನು ಕಿವಿಗಿಟ್ಟುಕೊಂಡು ಹುಲಿಯ ಆವರಣದ ಮುಂದೆ ನಿಂತೆ. ಹುಲಿ ಹೊರಗಿರಲಿಲ್ಲ. ಯಂತ್ರವು ಮಾತ್ರ ಅದರ ಪಟ್ಟೆಗಳನ್ನೂ ಗಂಭೀರವಾದ ನಡಿಗೆಯನ್ನೂ ನೋಡಿರೆಂದು ಉತ್ಸಾಹದಿಂದ ಹೇಳುತ್ತಲೇ ಹೋಯಿತು. ನನ್ನ ಕಣ್ಣಿನ ಮುಂದೆ ಒಂದು ಕಲ್ಲುಗುಂಡು, ಅದರ ಮೇಲೊಂದು ಕಾಗೆ. ಇದು ಅಮೂಲವಾದ ವ್ಯಾಖ್ಯಾನ. ತಪ್ಪು ಯಂತ್ರದ್ದಲ್ಲ, ಅದಕ್ಕೆ ಮಾತು ಬರೆದವರದು. ಅವರು ಪುಸ್ತಕದ ಹುಲಿಯನ್ನು ಕುರಿತು ಬರೆದಿದ್ದರು. ಆವರಣದ ಮುಂದೆ ನಿಂತು ಬರೆದಿರಲಿಲ್ಲ.

ಸಿಂಹವು ದಿನಕ್ಕೆ ೨೦ ಗಂಟೆಗಳಷ್ಟು ಕಾಲ ವಿಶ್ರಮಿಸುವ ಪ್ರಾಣಿ. ಆದಕಾರಣ ಪ್ರೇಕ್ಷಕನು ಕಾಣುವುದು ಬಹುಮಟ್ಟಿಗೆ ಮಲಗಿದ ಸಿಂಹವನ್ನೇ. ಒಳ್ಳೆಯ ವಿವರಣೆಯು ಗರ್ಜನೆಯಿಂದಲ್ಲ, ನಿದ್ರೆಯಿಂದ ಆರಂಭವಾಗಬೇಕು. ಅದು ಏಕೆ ಇಷ್ಟು ಮಲಗುತ್ತದೆ, ಬೇಟೆಗೆ ಎಷ್ಟು ಶಕ್ತಿ ವ್ಯಯವಾಗುತ್ತದೆ, ಮಲಗಿದಾಗಲೂ ಅದರ ಕಿವಿ ಹೇಗೆ ತಿರುಗುತ್ತದೆ, ಇವುಗಳನ್ನು ಹೇಳಿದರೆ ಬರಿಗಣ್ಣಿಗೆ ಏನೂ ಅಲ್ಲವೆಂದು ತೋರಿದ ನೋಟವೇ ಅರ್ಥವತ್ತಾಗುತ್ತದೆ. ಪ್ರಾಣಿ ಕಾಣದಿದ್ದರೆ ಕಾಯುವುದನ್ನು ಕಲಿಸಬೇಕು: ನೆರಳಿರುವ ಮೂಲೆಯನ್ನು ನೋಡಿರಿ, ಸ್ವಲ್ಪ ಹೊತ್ತು ಮಾತಾಡದೆ ನಿಲ್ಲಿರಿ, ಎಂದು ಹೇಳಿ ತಾನೂ ಸುಮ್ಮನಾಗಬೇಕು. ಗಮಕದ ಸಭೆಯಲ್ಲಿ ಗಮಕಿಯು ವಾಚಿಸುವಾಗ ವ್ಯಾಖ್ಯಾನಕಾರನು ಮೌನವಾಗಿರುತ್ತಾನೆ. ಆ ಮರ್ಯಾದೆ ಇಲ್ಲಿಯೂ ಸಲ್ಲಬೇಕು.

ಮೂಲನಿಷ್ಠೆಗೆ ಇನ್ನೂ ಗಂಭೀರವಾದ ಒಂದು ಮುಖವಿದೆ. ಎದುರಿಗಿರುವುದು ಕಾಡಿನ ಪ್ರಾಣಿಯಲ್ಲ, ಬಂಧನದಲ್ಲಿರುವ ಪ್ರಾಣಿ. ಮೈಸೂರಿನಲ್ಲಿ ಪೋಲೋ ಎಂಬ ಗೊರಿಲ್ಲ ಬಹುಕಾಲ ಒಂಟಿಯಾಗಿದ್ದು ೨೦೧೪ರಲ್ಲಿ ತೀರಿಕೊಂಡಿತು. ೨೦೨೧ರಲ್ಲಿ ಜರ್ಮನಿಯಿಂದ ಥಾಬೋ ಮತ್ತು ಡೆಂಬಾ ಎಂಬ ಎರಡು ಗಂಡು ಗೊರಿಲ್ಲಗಳು ಬಂದವು. ಗೊರಿಲ್ಲವು ಸಂಸಾರವಂದಿಗ, ಗುಂಪಿನಲ್ಲಿ ಬಾಳುವ ಪ್ರಾಣಿ ಎಂಬ ವಾಕ್ಯವನ್ನು ಒಂಟಿ ಗೊರಿಲ್ಲದ ಮುಂದೆ ನುಡಿದು ಮುಂದಕ್ಕೆ ಹೋದರೆ, ಕೇಳುವ ಹುಡುಗನು ಮಾತು ನಿಜವೋ ನೋಟ ನಿಜವೋ ಎಂದು ತಬ್ಬಿಬ್ಬಾಗುತ್ತಾನೆ. ಇದು ಏಕೆ ಒಂಟಿಯಾಗಿದೆ, ಎಲ್ಲಿಂದ ಬಂತು, ಮುಂದೇನು, ಎಂಬುದನ್ನು ಹೇಳುವ ಧೈರ್ಯ ಗದ್ಯಕ್ಕೆ ಇರಬೇಕು. ಈ ಧೈರ್ಯವಿಲ್ಲದ ವಿವರಣೆ ಎಷ್ಟೇ ಸುಂದರವಾಗಿದ್ದರೂ ಅದು ಜಾಹೀರಾತು.

೩

ಎರಡನೆಯ ನಿಯಮ ಅನಪೇಕ್ಷಿತವನ್ನು ಕುರಿತದ್ದು. ಇಲ್ಲಿ ಸಾಮಾನ್ಯವಾದ ದೋಷಗಳು ಎರಡು. ಒಂದು, ಅಂಕಿಸಂಖ್ಯೆಗಳ ರಾಶಿ. ಇನ್ನೊಂದು, ಪ್ರತಿಯೊಂದು ಪಂಜರದ ಮುಂದೂ ಪುನರುಕ್ತವಾಗುವ ಉಪದೇಶ.

ಓದುವವನು ಅಂಕಿಯನ್ನು ಕಂಡರೆ ಮತ್ತೊಮ್ಮೆ ನೋಡಬಹುದು. ಕೇಳುವವನಿಗೆ ಆ ಸೌಲಭ್ಯವಿಲ್ಲ. ಮಾದರಿಗಾಗಿ ನಾನೇ ರಚಿಸಿದ ಎರಡು ವಾಕ್ಯಗಳನ್ನು ಇಲ್ಲಿ ಕೊಡುತ್ತೇನೆ. "ಸಸ್ತನಿವರ್ಗಕ್ಕೆ ಸೇರಿದ ಹಾಗೂ ಆಫ್ರಿಕಾಖಂಡದ ಹುಲ್ಲುಗಾವಲುಗಳಲ್ಲಿ ವಾಸಿಸುವ ಜಿರಾಫೆಯು ೭ ಗ್ರೀವಾಕಶೇರುಕಗಳನ್ನೂ ಸುಮಾರು ೧೧ ಕಿಲೋಗ್ರಾಂ ತೂಕದ ಹೃದಯವನ್ನೂ ಹೊಂದಿರುತ್ತದೆ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕ್ರಿಯಾಪದ ಬರುವಷ್ಟರಲ್ಲಿ ಕೇಳುವವನು ಮುಂದಿನ ಪಂಜರಕ್ಕೆ ಹೋಗಿರುತ್ತಾನೆ. ಈಗ ಇನ್ನೊಂದು: "ನಿಮ್ಮ ಕತ್ತನ್ನು ಹಿಂದಿನಿಂದ ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಅಲ್ಲಿ ಏಳು ಎಲುಬುಗಳಿವೆ. ಎದುರಿಗೆ ನಿಂತಿರುವ ಜಿರಾಫೆಯ ಕತ್ತಿನಲ್ಲಿರುವುವೂ ಏಳೇ. ಆದರೆ ಒಂದೊಂದೂ ಒಂದು ಗೇಣಿಗಿಂತ ಉದ್ದ. ಅಷ್ಟು ಎತ್ತರಕ್ಕೆ ನೆತ್ತರನ್ನು ಏರಿಸಬೇಕಾದ್ದರಿಂದ ಅದರ ರಕ್ತದ ಒತ್ತಡ ನಿಮ್ಮದರ ಎರಡರಷ್ಟು." ಶಾಸ್ತ್ರ ಒಂದೇ. ಎರಡನೆಯದರಲ್ಲಿ ವಾಕ್ಯ ಚಿಕ್ಕದಾಯಿತು, ಸಂಖ್ಯೆ ಕಡಮೆಯಾಯಿತು, ಕೇಳುವವನ ದೇಹವೇ ಅಳತೆಗೋಲಾಯಿತು. ಗೇಣು, ಮೊಳ, ಆಳು, ಗಾಡಿಯೆತ್ತು ಇವು ಕನ್ನಡದ ಕಿವಿಗೆ ಕೂಡಲೇ ಕಾಣುವ ಪ್ರಮಾಣಗಳು.

ಉಪದೇಶದ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ಕಾಡನ್ನು ಉಳಿಸಿರಿ ಎಂಬ ಮಾತು ಸತ್ಯವೇ. ಇಪ್ಪತ್ತು ಸಲ ಕೇಳಿದ ಸತ್ಯ ಬರಿಯ ಸದ್ದು. ಸಿಂಗಳೀಕದ ಮುಂದೆ, ಇದು ಪಶ್ಚಿಮಘಟ್ಟಗಳ ಮಳೆಕಾಡಿನಲ್ಲಲ್ಲದೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಸಹಜವಾಗಿ ಬಾಳುವುದಿಲ್ಲ, ಮರದಿಂದ ಮರಕ್ಕೆ ಸಾಗುವ ಇದಕ್ಕೆ ಕಾಡಿನ ನಡುವೆ ಬಿದ್ದ ಒಂದು ರಸ್ತೆಯೂ ಹೊಳೆಯಷ್ಟೇ ಅಗಲ, ಎಂದು ಹೇಳಿ ನಿಲ್ಲಿಸಿದರೆ ಸಾಕು. ಹೇಳದೆ ಉಳಿದ ಮಾತನ್ನು ಕೇಳುವವನೇ ತುಂಬಿಕೊಳ್ಳುತ್ತಾನೆ. ಆನಂದವರ್ಧನನ ಧ್ವನಿ ಇಲ್ಲಿಗೆ ಬಂದದ್ದು ಹೀಗೆ.

೪

ಇನ್ನು ಭಾಷೆಯ ಪ್ರಶ್ನೆ. ಧ್ವನಿಮಾರ್ಗದರ್ಶಿಯಿಂದ ನಿಜವಾದ ಉಪಕಾರವಾಗಬೇಕಾದದ್ದು ಫಲಕವನ್ನು ಓದಲಾರದವರಿಗೆ. ಓದುಬಲ್ಲವರಿಗೆ ಅದು ಅನುಕೂಲ. ಓದಲಾರದವರಿಗೆ ಅದೊಂದೇ ದಾರಿ. ಈ ಮಾತು ನನಗೆ ಮನದಟ್ಟಾದದ್ದು ಮಂಡ್ಯದ ಹತ್ತಿರದ ಯಲಿಯೂರಿನಿಂದ ನಮ್ಮ ಬಂಧುವೊಬ್ಬ ವೃದ್ಧೆಯನ್ನು ರೈಲಿನಲ್ಲಿ ಮೈಸೂರಿಗೆ ಕರೆದೊಯ್ದ ದಿನ. ಆಕೆಗೆ ಅಕ್ಷರ ಬಾರದು. ತವರು ಮದ್ದೂರಿನ ಕಡೆ. ನಾನು ಫಲಕಗಳನ್ನು ಓದಿ ಹೇಳುತ್ತ ನಡೆದೆ. ಆಕೆ ಸೌಜನ್ಯದಿಂದ ಹೂಂಗುಟ್ಟುತ್ತ ಬಂದರು. ಚಿರತೆಯ ಮುಂದೆ ನಿಂತಾಗ, ನಮ್ಮ ಕಬ್ಬಿನ ಗದ್ದೆಗೇ ಬರುವುದನ್ನು ನೋಡಲು ಇಷ್ಟು ದೂರ ಟಿಕೆಟ್ಟು ಕೊಟ್ಟು ಬರಬೇಕಾಗಿತ್ತೇ ಎಂದು ನಕ್ಕರು. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಅಡಗುವುದೂ ಮರಿ ಹಾಕುವುದೂ ಸುದ್ದಿಪತ್ರಿಕೆಗಳ ಓದುಗರಿಗೆ ಹೊಸತಲ್ಲ.

ಹಕ್ಕಿಗಳ ಕಡೆಗೆ ಬಂದಾಗ ಆಕೆಯ ಮುಖವೇ ಬೇರೆಯಾಯಿತು. ನಾನು ಪೆಲಿಕನ್ ಎಂದು ಓದಿದೆ. ಆಕೆ, ಇದು ಹೆಜ್ಜಾರ್ಲೆಯಲ್ಲವೇ, ಎಂದರು. ಅಲ್ಲಿಂದ ಮುಂದೆ ವ್ಯಾಖ್ಯಾನಕಾರರು ಅವರೇ ಆದರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ಹಕ್ಕಿಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಸೆ, ಆಲ, ಅರಳಿ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದು ಊರವರು ಅವುಗಳನ್ನು ಭಾವಿಸುತ್ತಾರೆ. ಗೂಡಿರುವ ಮರದ ಹುಣಸೆಯನ್ನು ಬಡಿಯದೆ ಬಿಡುವುದೂ ಉಂಟು. ಮರದಡಿ ಬಿದ್ದ ಹಿಕ್ಕೆಯನ್ನು ಗೊಬ್ಬರವಾಗಿ ಬಳಸುವುದೂ ಉಂಟು. ಇದನ್ನೆಲ್ಲ ಆಕೆ ಹೇಳುತ್ತಿದ್ದಾಗ ಪಕ್ಕದಲ್ಲಿದ್ದ ಎರಡು ಅಪರಿಚಿತ ಸಂಸಾರಗಳೂ ನಿಂತು ಕೇಳಿದವು. ನಾನು ಅಂದು ಕೇಳಿದ ವಿವರಣೆಗಳಲ್ಲಿ ಮಲ್ಲಿನಾಥನ ಎರಡು ನಿಯಮಗಳಿಗೂ ಸರಿಹೊಂದಿದ್ದು ಅದೊಂದೇ.

ಇದರಿಂದ ಮೂರು ಅಂಶಗಳು ಸಿದ್ಧಿಸುತ್ತವೆಂದು ತೋರುತ್ತದೆ. ಮೊದಲನೆಯದು, ಹೆಸರಿನ ಮಹತ್ತ್ವ. ಪೆಲಿಕನ್ ಎಂದಾಗ ಅನ್ಯವಾಗಿದ್ದ ಹಕ್ಕಿ ಹೆಜ್ಜಾರ್ಲೆ ಎಂದೊಡನೆ ನೆಂಟನಾಯಿತು. ದೇಶೀಯ ಪ್ರಾಣಿಗಳಿಗೆ ನಾಡಿನ ಬೇರೆ ಬೇರೆ ಕಡೆ ಇರುವ ಹೆಸರುಗಳನ್ನು ವಿವರಣೆಯ ಮೊದಲಲ್ಲಿಯೇ ಹೇಳಬೇಕು. ಎರಡನೆಯದು, ಕೇಳುವವರನ್ನು ಏನೂ ಅರಿಯದವರೆಂದು ಭಾವಿಸುವುದು ತಪ್ಪು. ಈ ನಾಡಿನ ಜನ ವಿಶೇಷವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂಬ ಕವಿರಾಜಮಾರ್ಗದ ಅಭಿಪ್ರಾಯವನ್ನು ನಾವು ಪರೀಕ್ಷೆಗಳಲ್ಲಿ ಬರೆಯಿಸುತ್ತೇವೆ. ಅದೇ ಜನಕ್ಕಾಗಿ ಗದ್ಯ ಬರೆಯುವಾಗ ಮರೆಯುತ್ತೇವೆ. ಮೂರನೆಯದು, ಕೂಡಿ ಕೇಳುವ ಅವಕಾಶ. ಅಮೆರಿಕದ ಹಳೆಯ ಮಾತಿನ ಪೆಟ್ಟಿಗೆ ಸುತ್ತ ನಿಂತವರೆಲ್ಲರಿಗೂ ಕೇಳುತ್ತಿತ್ತು. ಕಿವಿಗೆ ಸಿಕ್ಕಿಸಿಕೊಳ್ಳುವ ಸಾಧನ ಒಬ್ಬನಿಗೇ ಕೇಳುತ್ತದೆ. ನಮ್ಮ ಜನ ಮೃಗಾಲಯಕ್ಕೆ ಬರುವುದು ಸಂಸಾರಸಮೇತವಾಗಿ. ಅಜ್ಜಿಯ ಕಿವಿಯೂ ಮೊಮ್ಮಗನ ಕಿವಿಯೂ ಬೇರೆ ಬೇರೆ ಯಂತ್ರಗಳಿಂದ ಮುಚ್ಚಿಹೋದರೆ ಅಜ್ಜಿಯ ಹೆಜ್ಜಾರ್ಲೆಯ ಕಥೆಯನ್ನು ಕೇಳುವವರಾರು?

೫

ಆಕ್ಷೇಪಣೆಗಳಿಗೆ ಎಡೆಯಿಲ್ಲದಿಲ್ಲ. ಯಾವ ಕನ್ನಡದಲ್ಲಿ ನುಡಿಯಬೇಕು, ಮಂಡ್ಯದ್ದೋ, ಧಾರವಾಡದ್ದೋ, ಮಂಗಳೂರಿನದೋ, ಎಂದು ಕೇಳಬಹುದು. ಪದಗಳು ಎಲ್ಲರಿಗೂ ತಿಳಿಯುವ ಶಿಷ್ಟಭಾಷೆಯವಾಗಿರಲಿ, ವಾಕ್ಯದ ಕಟ್ಟು ಮಾತ್ರ ಆಡುಮಾತಿನದಾಗಿರಲಿ ಎಂಬುದು ನನ್ನ ಉತ್ತರ. ಬಾನುಲಿಯ ಕೃಷಿಕಾರ್ಯಕ್ರಮಗಳು ಈ ದಾರಿಯನ್ನು ಎಂದೋ ತುಳಿದಿವೆ. ಮೊದಲೇ ಮುದ್ರಿಸಿದ ಮಾತು ಪ್ರಶ್ನೆಗೆ ಉತ್ತರ ಕೊಡಲಾರದು ಎಂಬುದು ಇನ್ನೊಂದು ಆಕ್ಷೇಪಣೆ. ಇದು ನಿಜ, ಆ ಕೊರತೆ ಈ ಪ್ರಕಾರಕ್ಕೆ ಸಹಜವಾದದ್ದು. ಆದರೆ ಉತ್ತರ ಕೊಡಲಾರದ ಮಾತು ಪ್ರಶ್ನೆಯನ್ನಾದರೂ ಕೇಳಬಹುದು. "ನಿಮ್ಮ ಊರಿನಲ್ಲಿ ಇದನ್ನು ಏನೆಂದು ಕರೆಯುತ್ತಾರೆ? ಜೊತೆಗಿರುವ ಹಿರಿಯರನ್ನು ಕೇಳಿರಿ" ಎಂದು ಹೇಳಿ ಅರೆಗಳಿಗೆ ನಿಂತರೆ, ಯಂತ್ರದಿಂದ ಆಗದಿದ್ದುದು ಅಜ್ಜಿಯಿಂದ ಆಗುತ್ತದೆ.

ಇಂಥ ಗದ್ಯವನ್ನು ಬರೆಯುವ ಕೆಲಸ ಪ್ರಾಣಿಶಾಸ್ತ್ರದ ವಿಭಾಗದವರದು ಮಾತ್ರವಲ್ಲ, ಕನ್ನಡ ವಿಭಾಗದವರದೂ ಹೌದು. ಸ್ನಾತಕೋತ್ತರ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಒಂದೊಂದು ಪ್ರಾಣಿಯ ಮುಂದೆ ಒಂದು ಬೆಳಗ್ಗೆ ನಿಂತು, ಕಂಡದ್ದನ್ನು ಎರಡು ನಿಮಿಷದ ಮಾತಾಗಿ ಬರೆದು, ಓದುಬಾರದ ಒಬ್ಬರಿಗೆ ಅದನ್ನು ಓದಿ ಹೇಳಿ, ಅವರು ಎಲ್ಲಿ ಹೂಂಗುಟ್ಟಿದರು, ಎಲ್ಲಿ ನಿಜವಾಗಿ ಕೇಳಿದರು ಎಂಬುದನ್ನು ಗುರುತಿಸಿಕೊಂಡರೆ, ಗದ್ಯಶೈಲಿಯನ್ನು ಕುರಿತ ಅನೇಕ ಉಪನ್ಯಾಸಗಳಿಗಿಂತ ಹೆಚ್ಚಿನದನ್ನು ಕಲಿಯುತ್ತಾರೆ. ಯಲಿಯೂರಿನ ಆ ವೃದ್ಧೆ ಈಗ ಅಷ್ಟು ದೂರ ನಡೆಯಲಾರರು. ಅವರು ಹೇಳಿದ್ದನ್ನು ಅಂದೇ ಬರೆದಿಟ್ಟುಕೊಳ್ಳಬೇಕಾಗಿತ್ತು. ಅವರ ವಯಸ್ಸಿನವರು ಇನ್ನೂ ಇದ್ದಾರೆ. ಕೆಲಸವನ್ನು ಬೇಗ ಆರಂಭಿಸುವುದು ಒಳ್ಳೆಯದು.