ಕೈಗೆ ಬಾರದ ಕತೆ

ಚೆನ್ನೈನ ನುಂಗಂಬಾಕ್ಕಂನಲ್ಲಿ ಲೊಯೋಲಾ ಕಾಲೇಜಿನ ಆಸುಪಾಸಿನ ಗೇಮಿಂಗ್ ಕೆಫೆಯೊಂದರಲ್ಲಿ ಸಂಜೆಯಾದರೆ ಹುಡುಗರು ಕೂರುವುದು ಹೆಚ್ಚಾಗಿ ವ್ಯಾಲೊರಂಟ್ ಆಡಲು. ರಯಟ್ ಗೇಮ್ಸ್ 2020ರಲ್ಲಿ ತಂದ ಈ ಶೂಟರ್‌ನಲ್ಲಿ ಐವರ ಎದುರು ಐವರು. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. 2023ರ ಜನವರಿಯಲ್ಲಿ ಇದಕ್ಕೆ ಸೇರಿದ ‘ಲೋಟಸ್’ ಎಂಬ ಮ್ಯಾಪಿಗೆ ಒಂದು ಕತೆಯೂ ಇದೆ: ಅದು ನಮ್ಮ ಪಶ್ಚಿಮ ಘಟ್ಟದೊಳಗೆ ಹುದುಗಿರುವ ಪುರಾತನ ನೆಲೆಯಂತೆ. ಅದಕ್ಕೂ ಕೆಲವು ತಿಂಗಳ ಮುಂಚೆ, ನೀರನ್ನೇ ಆಯುಧ ಮಾಡಿಕೊಂಡ ಹಾರ್ಬರ್ ಎಂಬ ಭಾರತೀಯ ಪಾತ್ರವೂ ಬಂದಿತ್ತು. ಪಕ್ಕದಲ್ಲಿ ಆಡುತ್ತಿದ್ದ ಶಿವಮೊಗ್ಗ ಕಡೆಯ ಹುಡುಗನಿಗೆ, “ಇದು ನಿಮ್ಮೂರ ಕಾಡು ಕಣಪ್ಪಾ” ಎಂದೆ. “ಹೌದಾ ಸರ್? ಒಂದ್ನಿಮಿಷ, ಬಾಗಿಲು ತಿರುಗ್ತಿದೆ” ಎಂದ. ಕಣ್ಣು ಮಾನಿಟರ್ ಬಿಟ್ಟು ಕದಲಲಿಲ್ಲ.

ಅವನು ಹೇಳಿದ್ದು ಲೋಟಸ್‌ನ ತಿರುಗುವ ಕಲ್ಲಿನ ಬಾಗಿಲು. ಅದನ್ನು ತಿರುಗಿಸಿದರೆ ಗರಗರ ಸದ್ದು; ಎದುರಾಳಿಗೂ ಕೇಳಿಸುತ್ತದೆ. ಹಾಗಾಗಿ ಅತ್ತ ಹೋಗುವ ಮನಸ್ಸಿಲ್ಲದಿದ್ದರೂ ಸುಮ್ಮನೆ ತಿರುಗಿಸಿ ಶತ್ರುವನ್ನು ಯಾಮಾರಿಸಬಹುದು. ಆ ಸದ್ದಿನಲ್ಲಿ ಸಂಶಯವಿದೆ, ಮೋಸವಿದೆ, ಕಾಯುವಿಕೆಯಿದೆ. ಪಶ್ಚಿಮ ಘಟ್ಟ ಮಾತ್ರ ಗೋಡೆಗೆ ಬಳಿದ ಬಣ್ಣ. ಕೇರಳದ್ದೆಂದರೂ ಕಾಂಬೋಡಿಯಾದ್ದೆಂದರೂ ಹುಡುಗನ ಗುರಿ ತಪ್ಪುತ್ತಿರಲಿಲ್ಲ. ಇದನ್ನು ನಾನು ಕೊರತೆ ಎನ್ನಲಾರೆ. ಬಾಗಿಲನ್ನು ಇಷ್ಟು ಚೆನ್ನಾಗಿ ಕಟ್ಟಿದವರಿಗೆ ಪುರಾಣ ಕಟ್ಟುವ ಹಂಗಿಲ್ಲ.

ಆಟಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗೇಮ್‌ಪ್ಲೇಗೊಂದು ಅಂಕ, ಕತೆಗೊಂದು ಅಂಕ ಕೊಟ್ಟು ಕೂಡಿಸುತ್ತಾರೆ. ನುಂಗಂಬಾಕ್ಕಂ ಬಿಟ್ಟ ರೈಲು ಮುಂದೆ ನಿಲ್ಲುವ ಕೋಡಂಬಾಕ್ಕಂನಲ್ಲಿ ಸಿನಿಮಾ ಮಾಡುತ್ತಿದ್ದುದೂ ಹೀಗೆಯೇ: ಮಾತಿನ ದೃಶ್ಯ ನಿರ್ದೇಶಕರದ್ದು, ಫೈಟು ಸ್ಟಂಟ್ ಮಾಸ್ಟರ್‌ದು. ಕುರ್ಚಿಯಲ್ಲಿ ಕೂತ ಪ್ರೇಕ್ಷಕ ಎರಡನ್ನೂ ನುಂಗಿಕೊಳ್ಳುತ್ತಾನೆ. ಆದರೆ ಶೂಟರ್ ಆಡುವವನೇ ಫೈಟು ಮಾಡಬೇಕು. ತಾನು ಮಾಡಿದ್ದು ಒಂದು, ತನ್ನ ಬಗ್ಗೆ ಕತೆ ಹೇಳಿದ್ದು ಇನ್ನೊಂದು ಆದಾಗ ಅವನು ನಂಬುವುದು ತನ್ನ ಕೈಯನ್ನೇ.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ ಫೌ-ಜಿ. 2020ರ ಸೆಪ್ಟೆಂಬರ್ 2ರಂದು ಮೊಬೈಲ್ ಶೂಟರ್ ಪಬ್‌ಜಿ ಭಾರತದಲ್ಲಿ ನಿಷೇಧವಾಯಿತು. ಎರಡೇ ದಿನಕ್ಕೆ ನಟ ಅಕ್ಷಯ್ ಕುಮಾರ್ ಈ ಆಟವನ್ನು ಘೋಷಿಸಿದರು. 2021ರ ಜನವರಿ 26ಕ್ಕೆ ಅದು ಮೊಬೈಲಿಗೆ ಬಂತು. ಕತೆ ಗಾಲ್ವಾನ್ ಕಣಿವೆಯ ಭಾರತ-ಚೀನಾ ಘರ್ಷಣೆಯದ್ದು. ಬಂದೂಕು ಸಿಗುತ್ತದೆಂದು ಇಳಿಸಿಕೊಂಡವರಿಗೆ ಸಿಕ್ಕಿದ್ದು ಕೈಕೈ ಮಿಲಾಯಿಸುವ ಹೊಡೆದಾಟ. “ಗನ್ನೇ ಇಲ್ಲ” ಎಂದು ಜನ ಬೈದರು.

ಆ ಬೈಗುಳ ತಪ್ಪು ಜಾಗಕ್ಕೆ ಬಿತ್ತು ಎಂದು ನನ್ನ ಅನಿಸಿಕೆ. 2020ರ ಜೂನ್ 15ರ ರಾತ್ರಿ 20 ಭಾರತೀಯ ಯೋಧರು ಪ್ರಾಣ ಕೊಟ್ಟ ಆ ಘರ್ಷಣೆಯಲ್ಲಿ ಗುಂಡು ಹಾರಲಿಲ್ಲ. ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದೆಂದು 1996ರ ಒಪ್ಪಂದವೇ ಹೇಳುತ್ತದೆ. ಎಂದರೆ ಬಂದೂಕು ಕೈಬಿಟ್ಟದ್ದು ಕತೆಗೆ ನಿಷ್ಠವಾದ ನಿರ್ಧಾರ. ಯೋಚಿಸಿ ನೋಡಿ: ಕಡಿದಾದ ದಂಡೆ, ಮರಗಟ್ಟಿಸುವ ನದಿ, ಕತ್ತಲೆ, ಉಸಿರಿಗೆ ಸಾಲದ ಗಾಳಿ, ಕೈಯಲ್ಲಿ ಬಂದೂಕಿದ್ದೂ ಹಾರಿಸುವಂತಿಲ್ಲದ ಸಂಕಟ. ಒಬ್ಬ ಗೇಮ್ ಡಿಸೈನರ್‌ಗೆ ಇದಕ್ಕಿಂತ ಇನ್ನೇನು ಬೇಕು! ಫೌ-ಜಿಯಲ್ಲಿ ಆಗುವುದೋ, ಗುಂಪು ಬರುತ್ತದೆ, ಬಟನ್ ಒತ್ತುತ್ತೀರಿ, ಬೀಳುತ್ತಾರೆ. ಇನ್ನೊಂದು ಗುಂಪು ಬರುತ್ತದೆ. ಗಾಯವಾದರೆ ಉರಿಯುವ ಬೆಂಕಿಯ ಪಕ್ಕ ಹೋದರಾಯಿತು, ಜೀವ ತುಂಬಿಕೊಳ್ಳುತ್ತದೆ. ಚಳಿಯ ನಾಡಿನಲ್ಲಿ ಬೆಂಕಿಯೇ ಮದ್ದು ಎಂಬ ಈ ಒಂದು ಸಣ್ಣ ಉಪಾಯದಲ್ಲಿ ಮಾತ್ರ ಕತೆ ಬೆರಳಿಗೆ ತಾಕಿತು. ಮಿಕ್ಕದ್ದೆಲ್ಲ ದೇಶಭಕ್ತಿಯ ಸಂಭಾಷಣೆ.

ಬೆರಳಿಗೆ ತಾಕಿಸುವುದು ಹೇಗೆಂದು ವಾಲ್ವ್ ಕಂಪನಿ 1998ರಲ್ಲೇ ಹಾಫ್-ಲೈಫ್‌ನಲ್ಲಿ ತೋರಿಸಿತ್ತು. ಶುರುವಿಗೆ ನೀವು ಬ್ಲ್ಯಾಕ್ ಮೆಸಾ ಸಂಶೋಧನಾಲಯದೊಳಗೆ ಟ್ರಾಮಿನಲ್ಲಿ ಹೋಗುತ್ತೀರಿ. ಗುಂಡಿಲ್ಲ, ಶತ್ರುವಿಲ್ಲ, ಆದರೂ ಡಬ್ಬಿಯೊಳಗೆ ಓಡಾಡಬಹುದು, ಯಾವ ಕಿಟಕಿಯಿಂದ ಬೇಕಾದರೂ ನೋಡಬಹುದು. ಪ್ರಯೋಗ ಕೆಟ್ಟು ಅನ್ಯಲೋಕದ ಜೀವಿಗಳು ನುಗ್ಗಿದ ಮೇಲೆ ಬದುಕುಳಿದ ವಿಜ್ಞಾನಿಗಳೆಲ್ಲ ಸೈನ್ಯ ಬಂದು ಕಾಪಾಡುತ್ತದೆಂದು ನಂಬಿರುತ್ತಾರೆ. ಸೈನಿಕ ಬರುತ್ತಾನೆ. ವಿಜ್ಞಾನಿಯೊಬ್ಬ ಬದುಕಿದೆ ಎಂದು ಅವನತ್ತ ಓಡುತ್ತಾನೆ. ಸೈನಿಕ ಅವನನ್ನೇ ಸುಡುತ್ತಾನೆ. ಕಟ್‌ಸೀನ್ ಇಲ್ಲ, ಕ್ಯಾಮೆರಾ ನಿಮ್ಮ ಕಣ್ಣು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮುಂದೆ ಯಾರಿಗೆ ಗುರಿಯಿಡಬೇಕೆಂಬುದು ಆ ಕ್ಷಣದಲ್ಲೇ ಬದಲಾಗುತ್ತದೆ. ಕತೆಯ ತಿರುವು, ಆಟದ ನಿಯಮ ಎರಡೂ ಒಂದೇ ಗುಂಡಿನಲ್ಲಿ.

2007ರ ಕಾಲ್ ಆಫ್ ಡ್ಯೂಟಿ 4ರ ಅಣುಬಾಂಬ್ ದೃಶ್ಯವೂ ಇದೇ ಜಾತಿಯದ್ದು. ಉರುಳಿದ ಹೆಲಿಕಾಪ್ಟರಿನಿಂದ ತೆವಳಿ ಬಂದು, ನಾಲ್ಕು ಹೆಜ್ಜೆ ಹಾಕಲೂ ಆಗದೆ ನಿಮ್ಮ ಪಾತ್ರ ಸಾಯುತ್ತದೆ. ಅಷ್ಟು ಹೊತ್ತು ಬಿರುಸಾಗಿ ಓಡಿಸುತ್ತಿದ್ದ ಅದೇ ಬಟನ್‌ಗಳು ಈಗ ಕೆಲಸಕ್ಕೆ ಬಾರವು.

ಅದೇ ವರ್ಷದ ಬಯೋಶಾಕ್ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಎಲ್ಲರೂ ಹೊಗಳುವ ಆಟ, ಗೊತ್ತು. ನೀವು ಇಷ್ಟು ಹೊತ್ತು ಪಾಲಿಸಿದ್ದೆಲ್ಲ ಯಾರದೋ ಆಜ್ಞೆ, ನಿಮ್ಮ ಇಚ್ಛೆಯಲ್ಲ ಎಂದು ಅದು ಬೆಚ್ಚಿಬೀಳಿಸುತ್ತದೆ. ಆದರೆ ಆ ಸತ್ಯ ಹೊರಬೀಳುವ ಹೊತ್ತಿಗೆ ಮೌಸನ್ನೇ ನಿಮ್ಮಿಂದ ಕಿತ್ತುಕೊಂಡಿರುತ್ತದೆ. ಬಿಡುಗಡೆಯಾದ ಮೇಲೂ ಮಾಡುವುದೇನು? ರೇಡಿಯೊದಲ್ಲಿ ಇನ್ನೊಬ್ಬರು ಹೇಳಿದ ಕಡೆಗೆ ಬಾಣದ ಗುರುತು ಹಿಡಿದು ನಡೆಯುವುದು. ಯೂಬಿಸಾಫ್ಟ್‌ನ ಡಿಸೈನರ್ ಕ್ಲಿಂಟ್ ಹಾಕಿಂಗ್ ಆಗಲೇ ಈ ಆಟದ ಕತೆಗೂ ಆಟಕ್ಕೂ ತಾಳವಿಲ್ಲವೆಂದು ಬರೆದಿದ್ದರು. ಮರುವರ್ಷ ಬಂದ ಅವರದೇ ಫಾರ್ ಕ್ರೈ 2ರಲ್ಲಿ ತುಕ್ಕು ಹಿಡಿದ ಬಂದೂಕು ಕಾದಾಟದ ನಡುವೆ ಕಚ್ಚಿಕೊಳ್ಳುತ್ತದೆ. ಅಲ್ಲಿನ ಯುದ್ಧ ಎಂಥ ಹೊಲಸೆಂದು ತಿಳಿಯಲು ಅಷ್ಟೇ ಸಾಕು.

ಫೌ-ಜಿಯ ಹೆಸರು 2025ರ ಜನವರಿಯಲ್ಲಿ ಮತ್ತೆ ಬಂತು: ಪುಣೆಯ ಡಾಟ್9 ಗೇಮ್ಸ್ ಕಟ್ಟಿದ, ಎನ್‌ಕೋರ್ ಹೊರತಂದ ‘ಫೌ-ಜಿ ಡಾಮಿನೇಷನ್’. ಈ ಸಲ ಜನ ಕೇಳಿದ್ದನ್ನೇ ಕೊಟ್ಟಿದ್ದಾರೆ: ಫಸ್ಟ್-ಪರ್ಸನ್ ಶೂಟರ್, ಕೈತುಂಬ ಬಂದೂಕು, ಐವರ ಎದುರು ಐವರು. ದೆಹಲಿ ಮೆಟ್ರೊ, ಜೋಧಪುರದ ಜೊತೆಗೆ ಚೆನ್ನೈ ಬಂದರೂ ಒಂದು ಕಣ. ಆಟವಾಗಿ ಇದು ಹಿಂದಿನದಕ್ಕಿಂತ ಮೇಲು, ಅನುಮಾನವಿಲ್ಲ. ಆದರೆ ಲೋಟಸ್‌ನ ಬಾಗಿಲಿನಂತೆ ಬಂದರಿಗೇ ಸೇರಿದ ಒಂದು ಚಾಲಾಕಿ ಇಲ್ಲಿ ಹುಟ್ಟದಿದ್ದರೆ, ಅದು ಚೆನ್ನೈ ಆಗಬೇಕಾದ ಕಾರಣವಾದರೂ ಏನು? ಗಾಲ್ವಾನಂತೂ ಸದ್ದಿಲ್ಲದೆ ಹೊರಬಿತ್ತು. ಗುಂಡು ಹಾರದ ಆ ರಾತ್ರಿಯನ್ನು ಆಡಿಸಬಲ್ಲ ಆಟ ಇನ್ನೂ ಯಾರ ಕೈಯಲ್ಲೂ ಆಗಿಲ್ಲ.