ಅಂಚಿನಿಂದ ನಡುವಿಗೆ

ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡುತ್ತ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಅಡಿಗೆ ಒಂದು ಹಳೆ ಸೀರೆ. ಅದರ ಮೇಲೆ ಗೀಟು ಎಳೆಯುವುದಿಲ್ಲ, ನಕ್ಷೆ ಬರೆಯುವುದಿಲ್ಲ. ಒಂದು ಮೂಲೆಯಲ್ಲಿ ಶುರುವಾದ ಹೊಲಿಗೆ ಅಂಚಿಗುಂಟ ನಾಲ್ಕೂ ಬದಿ ಹಾಯ್ದು, ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಸವೆದ ಅಂಗಿ, ಲಂಗಗಳ ರಾಶಿಯಿಂದ ತುಂಡು ಆರಿಸಬೇಕು, ಅಂಚು ಒಳಮಡಚಬೇಕು, ಬೆರಳಲ್ಲಿ ಒತ್ತಿ ಹಿಡಿಯಬೇಕು, ಸೂಜಿ ಹಾಯಿಸಬೇಕು. ಮತ್ತೆ ಅದೇ, ಮತ್ತೆ ಅದೇ. ಕೈ ಈ ತುಂಡಿನ ಮೇಲಿದ್ದಾಗಲೇ ಕಣ್ಣು ಮುಂದಿನ ಬಣ್ಣ ಹುಡುಕುತ್ತಿರುತ್ತದೆ. ಎಂಥ ಮುಂದಾಲೋಚನೆ ಅದು!

ಅದರ ಮನೆ ಇರುವುದು ಹಣೆಯ ಹಿಂದೆ. ಮಿದುಳಿನ ಮುಂಭಾಗ ಗುರಿಯನ್ನು ನೆನಪಲ್ಲಿ ಹಿಡಿದಿಟ್ಟು, ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡುತ್ತದೆ. ಜಪಾನಿನ ವಿಜ್ಞಾನಿಗಳಾದ ಜುನ್ ತಾಂಜಿ ಮತ್ತು ಕೆಯ್ಸೆತ್ಸು ಶಿಮಾ ಕೋತಿಗಳಿಗೆ ಒಂದು ಹಿಡಿಕೆಯನ್ನು ತಳ್ಳುವುದು, ಎಳೆಯುವುದು, ತಿರುಗಿಸುವುದನ್ನು ಬೇರೆ ಬೇರೆ ಕ್ರಮದಲ್ಲಿ ಕಲಿಸಿದ್ದರು. ಅವುಗಳ ಮಿದುಳಿನ ಮುಂಭಾಗದ ಕೆಲವು ನರಕೋಶಗಳು ಒಂದು ನಿರ್ದಿಷ್ಟ ಕ್ರಮಕ್ಕೆ ಮಾತ್ರ, ಅದೂ ಕೈ ಅಲ್ಲಾಡುವ ಮೊದಲೇ ಮಿಡಿಯುತ್ತವೆಂದು ಅವರು 1994ರಲ್ಲಿ ಬರೆದರು. ಮೂರು ಚಲನೆಗೇ ಇಷ್ಟು ಸಿದ್ಧತೆ. ಒಂದು ಕೌದಿಗೆ ಎಷ್ಟು ಬೇಕೋ!

ಕೌದಿಯ ಮೂಲೆಗಳಿಗೆ ಪುಟ್ಟ ಬಟ್ಟೆಗಳನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಹೊಲಿಯುತ್ತಾರೆ. ಅದು ‘ಫುಲಾ’, ಹೂವು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಆ ಕಡೆ ಹೋದರೆ ಕೌದಿಯ ಬಣ್ಣವನ್ನಷ್ಟೇ ನೋಡಿ ಬರಬೇಡಿ. ಮೂಲೆಯಲ್ಲಿ ಬೆರಳಿಟ್ಟು, ಹೊಲಿಗೆಯ ಸಾಲು ಹಿಡಿದು ನಡುವಿನ ತನಕ ಹೋಗಿ.